ಎದೆಯ ಮೇಲಿನ ಚೀಟಿ

ಮಗಳು ಹೆಣದ ಅಂಗಿಯ ಜೇಬಿಗೆ ಕೈ ಹಾಕಿದಳು. ಬೆಳಗಿನಿಂದ ಹತ್ತಾರು ಸಲ ಟಿಣ್ ಎಂದಿದ್ದ ಫೋನು ಅದರೊಳಗೇ ಇತ್ತು, ಈಗ ಮತ್ತೊಮ್ಮೆ ಟಿಣ್ ಎಂದಿತು. ಶವ ಸಾಗಿಸುವ ವ್ಯಾನಿನ ಡ್ರೈವರು ಬಾಗಿಲಲ್ಲೇ ನಿಂತು, ಬ್ಯಾಟರಿ ಇರುವ ಯಾವ ವಸ್ತುವೂ ಬೆಂಕಿಗೆ ಹೋಗುವಂತಿಲ್ಲ, ಸಿಡಿಯುತ್ತದೆ, ಈಗಲೇ ತೆಗೆದುಬಿಡಿ ಎಂದು ಹೇಳಿ ಹೋಗಿದ್ದ. ಫೋನನ್ನು ಅಲ್ಲಿಟ್ಟವಳು ಅಮ್ಮ. ಮೂವತ್ತೆಂಟು ವರ್ಷ ಸಂಸಾರ ಮಾಡಿದವಳಿಗೆ ಗಂಡನ ಜೇಬು ಬರಿದಾಗಿದ್ದದ್ದು ಯಾಕೋ ಸರಿಕಂಡಿರಲಿಲ್ಲ. ಬಟ್ಟೆ ತೊಡಿಸಿದ ಕೂಡಲೇ ಅಭ್ಯಾಸಬಲದಿಂದ ಫೋನನ್ನೂ ತುರುಕಿದ್ದಳು.

ಮಗಳು ಹಲ್ಲಿನ ಡಾಕ್ಟರ ಬಳಿ ಹನ್ನೊಂದು ವರ್ಷದಿಂದ ಕೆಲಸ ಮಾಡುವವಳು. ದಿನಕ್ಕೆ ಇಪ್ಪತ್ತು ಬಾಯಿ ನೋಡಿ, ಕೀವು ರಕ್ತ ಕೊಳೆತ ಬೇರು ಎಲ್ಲ ಒರೆಸಿ, ಅದೇ ಕೈ ತೊಳೆದು ಊಟಕ್ಕೆ ಕೂರುವವಳು. ಅವಳಿಗೆ ಅಷ್ಟು ಸುಲಭಕ್ಕೆ ಹೇಸಿಗೆಯಾಗುವುದಿಲ್ಲ. ಅಪ್ಪನ ತಣ್ಣನೆಯ ಎದೆ ಬೆರಳಿಗೆ ತಗುಲಿದಾಗಲೂ ಆಗಲಿಲ್ಲ. ಫೋನಿನ ಪರದೆ ನೋಡಿದಾಗ ಆಯಿತು.

'ಚುನಾವಣೆಯ ಹಿಂದಿನ ದಿನ ಸಾವು. ಭಲೇ, ಏನು ಟೈಮಿಂಗು.'

'ಅಯ್ಯೋ ಪಾಪ ಅಂತ ಮತ ಹಾಕುವವರು ಹಾಕಿ. ನಾನಂತೂ ನಂಬಲ್ಲ.'

'ಮಗಳು ಬರೆದಿದ್ದಂತೆ. ಯಾವ ಮಗಳು? ಹದಿನಾರು ವರ್ಷದಲ್ಲಿ ಒಂದು ದಿನ ಮಗಳ ಸುದ್ದಿ ಎತ್ತಿಲ್ಲ ಈ ಮನುಷ್ಯ.'

'ಚೀಟಿ ಎಲ್ಲಿ?'

ಅದರ ಕೆಳಗೆ ಆಟದ ಮೇಲ್ವಿಚಾರಕನ ಆದೇಶವಿತ್ತು. 'ಏಳನೇ ಮಹಡಿ' ಅವರ ಉಮೇದುವಾರಿಕೆ ಪರಿಶೀಲನೆಯಲ್ಲಿದೆ. ಇಂದು ನಾಲ್ಕು ಗಂಟೆಯೊಳಗೆ ಚೀಟಿಯ ಸಮೇತ ಫೋಟೋ ಬಂದರೆ ಹೆಸರೂ ಮತಗಳೂ ಉಳಿಯುತ್ತವೆ. ಬಾರದಿದ್ದರೆ ಮೋಸವೆಂದು ಗುರುತು ಹಾಕಿ ಹೆಸರು ತೆಗೆಯಲಾಗುವುದು.

ಏಳನೇ ಮಹಡಿ ಎಂದರೆ ಅಪ್ಪ. ಲಿಫ್ಟು ಕಂಪನಿಯಲ್ಲಿ ಮೂವತ್ತಮೂರು ವರ್ಷ ಮೆಕ್ಯಾನಿಕ್ಕಾಗಿದ್ದವನು. ಮೊದಲ ಸಲ ಯಾರ ನೆರವೂ ಇಲ್ಲದೆ ಲಿಫ್ಟು ಕೂರಿಸಿದ ಕಟ್ಟಡಕ್ಕೆ ಏಳು ಮಹಡಿ ಇದ್ದವಂತೆ. ಆಟಕ್ಕೆ ಸೇರಿದಾಗ ಅದನ್ನೇ ಹೆಸರು ಮಾಡಿಕೊಂಡಿದ್ದ. ಆಟವೆಂದರೆ ಬೆವರು ಬರುವ ಆಟವಲ್ಲ. ಐದಡಿ ಮೂರಿಂಚಿನ ಅಪ್ಪ ಬಾಸ್ಕೆಟ್‌ಬಾಲನ್ನು ಜೀವಮಾನದಲ್ಲಿ ಕೈಯಿಂದ ಮುಟ್ಟಿದವನಲ್ಲ. ಅದು ಫೋನಿನಲ್ಲಿ ಆಡುವ ಆಟ. ಕಂಪ್ಯೂಟರು ಹದಿನೆಂಟು ವರ್ಷದ ಹುಡುಗರನ್ನು ಹುಟ್ಟಿಸುತ್ತದೆ, ಅವರಿಗೆ ಮುಖವಿಲ್ಲ, ಎತ್ತರ ಜಿಗಿತ ಗುರಿ ಎಂದು ಅಂಕಿಗಳಷ್ಟೇ ಇರುತ್ತವೆ. ಆಡುವವರು ತಮ್ಮ ತಮ್ಮ ತಂಡಕ್ಕೆ ಆ ಹುಡುಗರನ್ನು ತಂದು ಪಳಗಿಸುತ್ತಾರೆ. ದೇಶಕ್ಕೊಂದು ಯೂತ್ ಟೀಮು ಇರುತ್ತದೆ, ಅದಕ್ಕೊಬ್ಬ ಮ್ಯಾನೇಜರು. ಎರಡು ವರ್ಷಕ್ಕೊಮ್ಮೆ ಆ ಮ್ಯಾನೇಜರನ್ನು ಆಡುವವರೆಲ್ಲ ಮತ ಹಾಕಿ ಆರಿಸುತ್ತಾರೆ. ಗೆದ್ದವನ ಹೆಸರು ಮ್ಯಾನೇಜರುಗಳ ಪಟ್ಟಿಗೆ ಸೇರಿ ಆಟ ಇರುವ ತನಕ ಅಲ್ಲೇ ಇರುತ್ತದೆ. ಅಪ್ಪ ಎರಡು ಸಲ ನಿಂತು ಎರಡು ಸಲವೂ ಸೋತಿದ್ದ. ಮೂರನೆಯದರ ಮತದಾನ ಇವತ್ತು ಸಂಜೆ ಐದಕ್ಕೆ ಮುಗಿಯುವುದಿತ್ತು. ಅಪ್ಪನಿಗೆ ಅರವತ್ನಾಲ್ಕು ಮತ, ಎದುರಾಳಿಗೆ ಅರವತ್ತೊಂದು. ಹೆಣವಾಗಿ ಮಲಗಿದವನು ಮೂರು ಮತದಿಂದ ಮುಂದಿದ್ದ.

ಚೀಟಿಯ ವಿಷಯವೂ ಅವಳಿಗೆ ಗೊತ್ತಿತ್ತು. ಒಬ್ಬನೇ ಹತ್ತು ಹೆಸರಿನಲ್ಲಿ ಆಡಬಾರದೆಂದು, ಹೊಸದಾಗಿ ಸೇರುವವರು ಒಂದು ಹಾಳೆಯಲ್ಲಿ ಆಟದ ಹೆಸರು ಮತ್ತು ತಾರೀಖು ಬರೆದು, ಗದ್ದದ ಕೆಳಗೆ ಹಿಡಿದು ಫೋಟೋ ಹಾಕಬೇಕು. ಬದುಕಿರುವವರಿಗಾಗಿ ಮಾಡಿದ ಈ ಪದ್ಧತಿಯನ್ನು ಯಾರೋ ಪುಣ್ಯಾತ್ಮ ಸತ್ತವರಿಗೂ ಅನ್ವಯಿಸಿದ್ದ.

ನಿನ್ನೆ ಸಂಜೆ ಆಟದ ಹರಟೆಕಟ್ಟೆಯಲ್ಲಿ ಸಾವಿನ ಸುದ್ದಿ ಹಾಕಿದವಳು ಅವಳೇ. ಹದಿನಾರು ವರ್ಷ ಒಡನಾಡಿದ ಜನ, ತಿಳಿಸುವುದು ಮರ್ಯಾದೆ ಎಂದುಕೊಂಡಿದ್ದಳು. ಮರ್ಯಾದೆಗೆ ಸಿಕ್ಕ ಮರ್ಯಾದೆ ಇದು. ಇವರಿಗೆ ಅಪ್ಪನ ಎದೆಯ ಮೇಲೆ ಚೀಟಿ ಬೇಕು, ಬೆಲೆ ಅಂಟಿಸಿದ ಸಾಮಾನಿನ ಹಾಗೆ.

ಹೊರಗಿನ ಕೋಣೆಯಲ್ಲಿ ಚಿಕ್ಕಪ್ಪ ಅಕ್ಕಪಕ್ಕದ ಮನೆಯವರನ್ನು ಕೂರಿಸಿಕೊಂಡು, ನಮ್ಮಣ್ಣ ದೇಶದ ಬಾಸ್ಕೆಟ್‌ಬಾಲ್ ಟೀಮಿಗೆ ಸಂಬಂಧಪಟ್ಟವನು, ಯಾರ ಹತ್ತಿರವೂ ಹೇಳಿಕೊಳ್ಳುತ್ತಿರಲಿಲ್ಲ ಅಷ್ಟೇ ಎಂದು ತಗ್ಗಿದ ದನಿಯಲ್ಲಿ ಬುರುಡೆ ಬಿಡುತ್ತಿದ್ದ. ಬದುಕಿದ್ದಾಗ ಇದೇ ಚಿಕ್ಕಪ್ಪ ಅಣ್ಣನ ಆಟದ ಮಾತೆತ್ತಿದರೆ ಆಕಳಿಸುತ್ತಿದ್ದ. ಕೇಳುವವರು ಹೌದೇ ಹೌದೇ ಎಂದು ತಲೆಯಾಡಿಸುತ್ತ, ಟೀ ಲೋಟವನ್ನು ಎಲ್ಲಿಡುವುದೆಂದು ತಿಳಿಯದೆ ಮಂಚದ ಕೆಳಗೆ ತಳ್ಳುತ್ತಿದ್ದರು.

'ಏನಂತೆ ಅದು, ಹೊಡ್ಕೊಳ್ತಾನೇ ಇದೆ?' ಅಮ್ಮ ಕೇಳಿದಳು.

'ಫೋಟೋ ಬೇಕಂತೆ. ಅಪ್ಪ ನಿಜವಾಗ್ಲೂ ಸತ್ತಿದಾರೆ ಅನ್ನೋದಕ್ಕೆ.'

ಅಮ್ಮ ಗಂಡನ ಮುಖವನ್ನೊಮ್ಮೆ ನೋಡಿದಳು. ಆಮೇಲೆ ಕಾಲ ಬಳಿಯ ಬಟ್ಟೆ ಸರಿಮಾಡಿ ಒಳಗೆ ಹೋದಳು.

*

ಎರಡು ವರ್ಷದ ಹಿಂದೆ, ಹನ್ನೊಂದು ಮತದಿಂದ ಸೋತ ದಿನ, ಅಪ್ಪ ಊಟದ ಮೇಜಿನ ಮುಂದೆ ಕೂತು ತಟ್ಟೆ ಮುಟ್ಟಿರಲಿಲ್ಲ. ಮೊದಲ ಸಲ ಮೂರು ಮತದಿಂದ ಸೋತಾಗ ಇಷ್ಟು ಕುಗ್ಗಿದವನಲ್ಲ. ಈ ಸಲ ಗೆಲ್ಲುತ್ತೇನೆ ಎಂಬ ಲೆಕ್ಕಾಚಾರ ಪಕ್ಕಾ ಇತ್ತು. ಗೋಡೆಯ ಬೀರುವಿನಲ್ಲಿ ಒಂಬತ್ತು ದಪ್ಪ ರಿಜಿಸ್ಟರುಗಳಿದ್ದವು, ಕಂಪ್ಯೂಟರು ಹುಟ್ಟಿಸಿದ ಒಬ್ಬೊಬ್ಬ ಹುಡುಗನಿಗೆ ಒಂದೊಂದು ಪುಟ. ಅವನ ಎತ್ತರ, ಜಿಗಿತ, ಯಾವ ವಾರ ಯಾವ ಪಾಠ, ಯಾವ ಒಡೆಯ ಅವನನ್ನು ಹಾಳು ಮಾಡುತ್ತಿದ್ದಾನೆ, ಎಲ್ಲ ನೀಲಿ ಶಾಯಿಯಲ್ಲಿ. ಚುನಾವಣೆಯ ಭಾಷಣವನ್ನು ಲಿಫ್ಟಿನ ತಪಾಸಣೆ ಹಾಳೆಗಳ ಹಿಂಬದಿಯಲ್ಲಿ ಬರೆದು ಹದಿನಾಲ್ಕು ಸಲ ತಿದ್ದಿದ್ದ. ಮಗಳ ಮದುವೆ ಮುರಿದು ಅವಳು ಇದೇ ಮನೆಗೆ ಹಿಂದಿರುಗಿದ ವರ್ಷ ಅದು. ಆ ವಿಷಯದಲ್ಲಿ ಅಪ್ಪ ಆಡಿದ್ದು ಒಂದೇ ಮಾತು, ಹಿಂದಿನ ಕೋಣೆಯ ದೀಪ ಸರಿಮಾಡಿಸಬೇಕು ಎಂದು.

'ಯಾರಿಗೆ ಸೋತೆ ಗೊತ್ತಾ?' ಅಪ್ಪ ಅವತ್ತು ಕೇಳಿದ್ದ. 'ಒದ್ದೆ ಕಾಲ್ಚೀಲಕ್ಕೆ.'

ಆಟದಲ್ಲಿ ಆ ಹೆಸರಿನವನೊಬ್ಬ ಇದ್ದ. ಅವನ ಹೆಂಡತಿ ಚುನಾವಣೆಯ ವಾರದಲ್ಲಿ ತೀರಿಕೊಂಡಿದ್ದಳು. ಅವಳ ಹೆಣದ ಮೇಲೆ ಚೀಟಿ ಇಟ್ಟು ಫೋಟೋ ತೆಗೆದು ಹರಟೆಕಟ್ಟೆಗೆ ಹಾಕಿದನಂತೆ. ನೋಡಿದವರಿಗೆಲ್ಲ ಕರುಳು ಕಿವುಚಿ, ಅಪ್ಪನಿಗೆ ಬೀಳಬೇಕಾದ ಮತಗಳೆಲ್ಲ ಆ ಕಡೆ ಹರಿದವಂತೆ.

'ಹೆಂಡತಿ ಹೆಣ ತೋರಿಸಿ ಗೆದ್ದ,' ಎಂದ ಅಪ್ಪ. 'ನಾನು ಹುಡುಗರನ್ನ ತೋರಿಸ್ದೆ. ಅವನು ಹೆಣ ತೋರಿಸ್ದ.'

ಮಗಳೂ ಅವತ್ತು ತನ್ನ ತಟ್ಟೆ ಸರಿಸಿಟ್ಟಿದ್ದಳು. ಎಂಥ ಮನುಷ್ಯ ಇದ್ದಿರಬೇಕು ಅವನು. ಕಟ್ಟಿಕೊಂಡವಳ ಮೈ ತಣ್ಣಗಾಗುವಷ್ಟರಲ್ಲಿ ಫೋನು ಹಿಡಿದು ನಿಂತವನು. ಆ ದಿನದಿಂದ ಒದ್ದೆ ಕಾಲ್ಚೀಲ ಎಂಬ ಹೆಸರು ಕಿವಿಗೆ ಬಿದ್ದರೆ ಸಾಕು, ನಿಜವಾದ ಒದ್ದೆ ಕಾಲ್ಚೀಲದ ವಾಸನೆ ಬಂದಂತಾಗಿ ಅವಳು ಮೂಗು ಮುರಿಯುತ್ತಿದ್ದಳು.

*

ಮಧ್ಯಾಹ್ನ ಒಂದೂವರೆಗೆ ಒಬ್ಬ ಅಪರಿಚಿತ ಬಂದ. ಐವತ್ತೈದರ ಆಸುಪಾಸು, ತೆಳ್ಳನೆಯ ಆಸಾಮಿ, ಇಸ್ತ್ರಿಯ ಗೆರೆ ಬಸ್ಸಿನಲ್ಲೇ ಮುದುಡಿಹೋಗಿದ್ದ ಅಂಗಿ. ಚಪ್ಪಲಿಯನ್ನು ಜೋಡಿಸಿಟ್ಟು ಒಳಗೆ ಬಂದು, ಹೆಣದ ಮುಂದೆ ಕೈಕಟ್ಟಿ ನಿಂತ. ಬಹಳ ಹೊತ್ತು ನಿಂತ. ಚಿಕ್ಕಪ್ಪ ಲಿಫ್ಟು ಕಂಪನಿಯವರಾ ಎಂದು ಕೇಳಿದ್ದಕ್ಕೆ ಅಲ್ಲವೆಂದು ತಲೆಯಾಡಿಸಿ, ಮಗಳ ಬಳಿ ಬಂದ.

'ನಂದು ಔಷಧಿ ಅಂಗಡಿ ಇದೆ. ಇಲ್ಲಿಂದ ಆರು ಗಂಟೆ ದಾರಿ,' ಎಂದ. 'ನಿಮ್ಮ ತಂದೆಯವರ ಪರಿಚಯ ಆಟದಲ್ಲಿ. ಅಲ್ಲಿ ನನ್ನ ಹೆಸರು ಒದ್ದೆ ಕಾಲ್ಚೀಲ.'

ಹೆಣದ ಪಕ್ಕ ನಿಂತು ಒಬ್ಬ ವಯಸ್ಸಾದ ಮನುಷ್ಯ ಇಷ್ಟು ಗಂಭೀರವಾಗಿ ಈ ಮಾತು ಹೇಳಿದ್ದು ಬೇರೆ ದಿನವಾಗಿದ್ದರೆ ನಗು ತರಿಸುತ್ತಿತ್ತು. ಅವಳ ಮುಖ ಮಾತ್ರ ಸಿಂಡರಿಸಿತು. ಈ ಸಲದ ಎದುರಾಳಿಯೂ ಇವನೇ, ಖುದ್ದು ಬಂದಿದ್ದಾನೆ. ಸತ್ತಿರುವುದು ಖಾತ್ರಿಯೋ ಎಂದು ಕಣ್ಣಾರೆ ನೋಡಿಕೊಂಡು ಹೋಗಲು ಆರು ಗಂಟೆ ಬಸ್ಸಿನಲ್ಲಿ ಕೂತಿದ್ದಾನೆ.

'ನೋಡೋಕೆ ಬಂದ್ರಾ? ನೋಡಿ,' ಎಂದಳು. 'ಬೇಕಾದ್ರೆ ಮುಟ್ಟೂ ನೋಡಿ.'

ಅಂಗಿಯ ಜೇಬಿನಿಂದ ಒಂದು ಪ್ಲಾಸ್ಟಿಕ್ ಲಕೋಟೆ ತೆಗೆದ. ಅದರೊಳಗೆ ಮಡಿಸದೆ ಇಟ್ಟ ಅಂಗೈಯಗಲದ ಬಿಳಿ ಹಾಳೆಯಿತ್ತು. ದಪ್ಪ ಕಪ್ಪು ಅಕ್ಷರಗಳಲ್ಲಿ ಏಳನೇ ಮಹಡಿ ಎಂದು ಬರೆದಿತ್ತು, ಕೆಳಗೆ ಇವತ್ತಿನ ತಾರೀಖು.

'ಮನೇಲೇ ಬರ್ಕೊಂಡು ಬಂದೆ. ಅಕ್ಷರ ಇಷ್ಟು ದಪ್ಪ ಇರಬೇಕು, ತೆಳ್ಳಗಿದ್ರೆ ಒಪ್ಪಲ್ಲ ಅವರು. ನಿಮ್ಮ ಕೈಲಿ ಬರೆಯೋಕಾಗಲ್ಲ ಅಂತ ಗೊತ್ತಿತ್ತು. ಅವತ್ತು ನಾನು ನಾಲ್ಕು ಹಾಳೆ ಹಾಳು ಮಾಡಿದ್ದೆ.'

'ಹೆಂಡತಿ ಹೆಣ ತೋರಿಸಿ ಗೆದ್ದವರು ನೀವೇ ಅಲ್ವಾ?'

ಕೋಣೆಯಲ್ಲಿದ್ದ ನಾಲ್ಕೈದು ತಲೆಗಳು ಇತ್ತ ತಿರುಗಿದವು.

'ಹೌದು,' ಎಂದ ಔಷಧಿ ಅಂಗಡಿಯವನು.

ಮುಂದೆ ಏನಾದರೂ ಸಮಜಾಯಿಷಿ ಕೊಡುತ್ತಾನೆಂದು ಅವಳು ಕಾದಳು. ಕೊಡಲಿಲ್ಲ. ಲಕೋಟೆಯನ್ನು ಅವಳ ಕೈಗೆ ಕೊಡಲು ನೋಡಿದ. ಅವಳು ಕೈ ಹಿಂದೆಗೆದುಕೊಂಡಾಗ ಪಕ್ಕದ ಸ್ಟೂಲಿನ ಮೇಲಿಟ್ಟು ಗೋಡೆಯ ಬಳಿ ಹೋಗಿ ನಿಂತ. ಅಮ್ಮ ಅವನಿಗೊಂದು ಕುರ್ಚಿ ಹಾಕಿಸಿದಳು, ನೀರು ಕೊಟ್ಟಳು, ಅಷ್ಟು ದೂರದಿಂದ ಬಂದಿದ್ದಾರೆ, ವ್ಯಾನಿನಲ್ಲಿ ಅವರಿಗೂ ಜಾಗ ಮಾಡಿ ಎಂದಳು. ಅಮ್ಮನಿಗೆ ಯಾರ ಮೇಲೂ ಹೇಸಿಗೆಯಿಲ್ಲವಲ್ಲ ಎಂದು ಮಗಳಿಗೆ ಅಮ್ಮನ ಮೇಲೂ ಸಿಟ್ಟು ಬಂತು. ಆದರೂ ಹೊರಡುವಾಗ ಸ್ಟೂಲಿನ ಮೇಲಿದ್ದ ಲಕೋಟೆ ಅವಳ ಚೀಲದೊಳಗೆ ಸೇರಿತ್ತು. ಅದನ್ನು ಸೇರಿಸಿದ್ದು ತಾನೇ ಎಂಬುದೂ ಅವಳಿಗೆ ಗೊತ್ತಿತ್ತು.

*

ಆಸ್ಪತ್ರೆಯಲ್ಲಿ ಅಪ್ಪ ಎಂಟು ದಿನ ಇದ್ದ. ಹೃದಯದ ಕವಾಟದ ಆಪರೇಷನ್ನು ಚೆನ್ನಾಗಿಯೇ ಆಯಿತು, ಆಮೇಲೆ ನಂಜು ಏರಿತು. ಮೂಗಿನಲ್ಲಿ ಕೊಳವೆ, ಕೈಯಲ್ಲಿ ಸೂಜಿ. ಐದನೆಯ ದಿನ ಮಗಳನ್ನು ಹತ್ತಿರ ಕರೆದು, ಪೆನ್ನು ತರಿಸಿ, ಅವಳ ಅಂಗೈಯ ಮೇಲೆ ಆಟದ ಪಾಸ್‌ವರ್ಡ್ ತಾನೇ ಬರೆದ. ಲಿಫ್ಟಿನ ತಂತಿ ಹಗ್ಗ ಹಿಡಿದೂ ಹಿಡಿದೂ ಅವನ ಬೆರಳುಗಳ ಗೆರೆಯೆಲ್ಲ ಸವೆದಿದ್ದವು, ಪೆನ್ನು ಜಾರುತ್ತಿತ್ತು.

'ಭಾನುವಾರ ಐದು ಗಂಟೆ ತನಕ,' ಎಂದ. 'ದಿನಾ ಒಂದು ಸಲ ಒಳಗೆ ಹೋಗಿ ಬಾ, ಸಾಕು. ಮೂರು ದಿನ ಕಾಣಿಸ್ಕೊಳ್ಳದಿದ್ರೆ ಹೆಸರು ಕಿತ್ತು ಹಾಕ್ತಾರೆ.'

'ಅಪ್ಪ, ನಿಂಗೆ ಉಸಿರಾಡೋಕೇ ಆಗ್ತಿಲ್ಲ.'

'ಉಸಿರು ಇವರು ನೋಡ್ಕೋತಾರೆ. ನೀನು ಅದನ್ನ ನೋಡ್ಕೋ.'

ಅವಳಿಗೆ ಎದ್ದುಹೋಗಬೇಕೆನಿಸಿತು. ಸಾಯುವ ಮನುಷ್ಯ ಮಗಳ ಕೈ ಹಿಡಿದು ಕೇಳುವುದು ಇದನ್ನೇ? ಅಪ್ಪ ಅವಳ ಮುಖ ನೋಡಿ ಅರ್ಥ ಮಾಡಿಕೊಂಡವನಂತೆ ಪೆನ್ನು ಕೆಳಗಿಟ್ಟ. ಆಮೇಲೆ ಲಿಫ್ಟಿನ ಮಾತು ಎತ್ತಿದ. ಲಿಫ್ಟಿನೊಳಗೆ ಒಂದು ತಗಡು ಇರುತ್ತದೆ, ನೋಡಿದ್ದೀಯಲ್ಲ ಎಂದ. ಅದರ ಮೇಲೆ ಕಂಪನಿಯ ಹೆಸರಿರುತ್ತದೆ, ಎಷ್ಟು ಜನ ಹತ್ತಬಹುದೆಂದಿರುತ್ತದೆ, ತಪಾಸಣೆಗೆ ಬಂದ ಅಧಿಕಾರಿಯ ಸಹಿ ಇರುತ್ತದೆ. ಕತ್ತಲ ಗುಂಡಿಯಲ್ಲಿ ಹಗ್ಗಕ್ಕೆ ಜೋತುಬಿದ್ದು ಅದನ್ನು ಓಡಿಸಿದವನ ಹೆಸರು ಇರುವುದಿಲ್ಲ. ಮೂವತ್ತಮೂರು ವರ್ಷದಲ್ಲಿ ಒಂದು ತಗಡಿನ ಮೇಲೂ ನೋಡಲಿಲ್ಲ.

'ಪಟ್ಟೀಲಿ ಒಂದು ಸಲ ಬಿದ್ರೆ ಅದನ್ನ ಯಾರೂ ಅಳಿಸಲ್ಲ,' ಎಂದ.

ಆಯ್ತಪ್ಪ, ನೋಡ್ಕೋತೀನಿ ಎಂದು ಅವಳು ಮಾತು ಕೊಟ್ಟಳು. ಕೊಟ್ಟದ್ದು ಪ್ರೀತಿಯಿಂದಲ್ಲ. ಆ ಕೋಣೆಯಿಂದ ಎದ್ದರೆ ಸಾಕಾಗಿತ್ತು.

*

ವ್ಯಾನಿನಲ್ಲಿ ಹೆಣದ ಒಂದು ಬದಿಗೆ ಅಮ್ಮ ಮತ್ತು ಮಗಳು, ಎದುರು ಬದಿಗೆ ಔಷಧಿ ಅಂಗಡಿಯವನು. ಚಿಕ್ಕಪ್ಪ ಮುಂದೆ ಡ್ರೈವರಿನ ಪಕ್ಕ ಕೂತು ದಾರಿ ಹೇಳುತ್ತಿದ್ದ, ಡ್ರೈವರಿಗೆ ಅವನಿಗಿಂತ ಚೆನ್ನಾಗಿ ಗೊತ್ತಿದ್ದ ದಾರಿಯನ್ನು. ತಿರುವಿನಲ್ಲೆಲ್ಲ ಅಪ್ಪನ ತಲೆ ಅತ್ತ ಇತ್ತ ಸ್ವಲ್ಪ ಹೊರಳುತ್ತಿತ್ತು. ಔಷಧಿ ಅಂಗಡಿಯವನು ಕೈ ಚಾಚಿ ಪ್ರತಿ ಸಲವೂ ತಡೆಯುತ್ತಿದ್ದ.

ಆ ಕೈ ನೋಡಲಾರದೆ ಅವಳು ಫೋನು ತೆಗೆದಳು. ಹರಟೆಕಟ್ಟೆಯಲ್ಲಿ ಹಿಂದಕ್ಕೆ ಹೋಗುತ್ತ ಹೋಗುತ್ತ ಎರಡು ವರ್ಷದ ಹಿಂದಿನ ಚುನಾವಣೆ ಸಿಕ್ಕಿತು. ಇವನ ಬಂಡವಾಳ ಇವನ ಎದುರೇ ಓದಬೇಕೆಂಬ ಕೆಟ್ಟ ಆಸೆ ಅವಳಿಗೆ.

ಒದ್ದೆ ಕಾಲ್ಚೀಲ ಬರೆದಿದ್ದ: 'ನನ್ನ ಹೆಂಡತಿ ಇಂದು ಬೆಳಗ್ಗೆ ತೀರಿಕೊಂಡಳು. ಕೆಲವು ದಿನ ಇತ್ತ ಬರಲಾಗುವುದಿಲ್ಲ. ದಯವಿಟ್ಟು ಹೆಸರು ತೆಗೆಯಬೇಡಿ.'

ಕೆಳಗೆ ಮೊದಲ ಉತ್ತರ, ಆರು ನಿಮಿಷಕ್ಕೆ ಬಂದದ್ದು. ಬರೆದವನ ಹೆಸರು ಏಳನೇ ಮಹಡಿ.

'ಪುರಾವೆ?'

ಅವಳು ಇನ್ನೊಮ್ಮೆ ಹೆಸರು ನೋಡಿದಳು. ಅದೇ ಹೆಸರು, ಪಕ್ಕದಲ್ಲಿ ಅದೇ ಸಣ್ಣ ಲಿಫ್ಟಿನ ಚಿತ್ರ. ಯಾರೋ ಒಬ್ಬರು, ಛೇ, ಸಾವಿಗೂ ಪುರಾವೆ ಕೇಳುವುದಾ ಎಂದಿದ್ದರು. ಅದಕ್ಕೆ ಏಳನೇ ಮಹಡಿ ಉದ್ದವಾಗಿ ಉತ್ತರಿಸಿದ್ದ. ಕನಿಕರದ ಮತ ಎಂಬುದೊಂದಿರುತ್ತದೆ, ಯಾರು ಬೇಕಾದರೂ ಯಾರನ್ನು ಬೇಕಾದರೂ ಸಾಯಿಸಬಹುದು, ಹೊಸಬರು ಸೇರುವಾಗ ಚೀಟಿ ಹಿಡಿಯುವುದಿಲ್ಲವೇ, ಸತ್ತವರಿಗೂ ಅದೇ ನಿಯಮ ಇರಲಿ. ಮೇಲ್ವಿಚಾರಕ ಒಪ್ಪಿ ನಿಯಮ ಮಾಡಿದ್ದ. ಆ ಪುಣ್ಯಾತ್ಮ ಯಾರೆಂದು ಈಗ ಗೊತ್ತಾಯಿತು.

ಸಂಜೆಯ ಹೊತ್ತಿಗೆ ಫೋಟೋ ಬಂದಿತ್ತು. ಹೊದಿಸಿದ ಬಿಳಿ ಬಟ್ಟೆ, ಒಬ್ಬ ಹೆಂಗಸಿನ ಗದ್ದ, ಮುಚ್ಚಿದ ಬಾಯಿ. ಎದೆಯ ಮೇಲೊಂದು ಚೀಟಿ. ಅದು ಹಾರದಂತೆ ಬದಿಯಿಂದ ಒತ್ತಿ ಹಿಡಿದ ಒಂದು ಗಂಡಸಿನ ಹೆಬ್ಬೆರಳು.

ಅದರ ಕೆಳಗೆ ಏಳನೇ ಮಹಡಿ: 'ಹೆಬ್ಬೆರಳು ತಾರೀಖಿನ ಮೇಲಿದೆ. ಇನ್ನೊಂದು ಹಾಕಿ.'

ನಲವತ್ತು ನಿಮಿಷದ ಮೇಲೆ ಇನ್ನೊಂದು ಬಂದಿತ್ತು. ಅದೇ ಗದ್ದ, ಅದೇ ಚೀಟಿ. ಹೆಬ್ಬೆರಳಿಲ್ಲ.

ಏಳನೇ ಮಹಡಿ: 'ಸರಿ.'

ಅಷ್ಟೇ. ಅಯ್ಯೋ ಎಂದೂ ಇಲ್ಲ. ಆ ಸಂಜೆಯ ನೆನಪು ಅವಳಿಗೆ ತಾನಾಗಿ ಬಂತು. ಅಪ್ಪ ಬಾಲ್ಕನಿಯಲ್ಲಿ ಬೆನ್ನು ಹಾಕಿ ನಿಂತು ಏನೋ ಒತ್ತುತ್ತಿದ್ದ, ಅವಳು ಟೀ ಕೊಟ್ಟಾಗ, ಆಫೀಸಿನ ಅರ್ಜೆಂಟು ಕೆಲಸ, ಒಂದು ನಿಮಿಷ ಎಂದಿದ್ದ. ಅವಳು ಆ ಒಂದು ನಿಮಿಷಕ್ಕೆ ಟೀ ಆರಬಾರದೆಂದು ಲೋಟಕ್ಕೆ ತಟ್ಟೆ ಮುಚ್ಚಿಟ್ಟಿದ್ದಳು.

ಈಗ ಅವಳಿಗೆ ಹೆಣದ ಪಕ್ಕ ಕೂತಿರುವುದೇ ಆಗಲಿಲ್ಲ. ಮೊಣಕಾಲು ಅದಕ್ಕೆ ತಗುಲದಂತೆ ಎಳೆದುಕೊಂಡಳು. ಎರಡು ವರ್ಷ ತಾನು ಯಾರ ಮೇಲೆ ಹೇಸಿಗೆಪಟ್ಟೆ, ಪಡಬೇಕಾದದ್ದು ಯಾರ ಮೇಲೆ ಎಂದು ಯೋಚಿಸಿದರೆ ತಲೆ ಚಚ್ಚಿಕೊಳ್ಳಬೇಕೆನಿಸಿತು.

'ಮೊದಲೇ ಹೇಳಬಾರದಿತ್ತಾ?' ಎಂದಳು ಎದುರು ನೋಡಿ.

ಔಷಧಿ ಅಂಗಡಿಯವನಿಗೆ ಅವಳು ಏನು ಓದಿದಳೆಂದು ಕೇಳಬೇಕಾಗಲಿಲ್ಲ.

'ಏನಂತ ಹೇಳಲಿ? ಕೇಳಿದ್ದು ಅವರು. ತೆಗೆದಿದ್ದು ನಾನು ತಾನೆ,' ಎಂದ. 'ಎರಡನೇದು ತೆಗೆಯೋಕೆ ಫ್ಯಾನ್ ಆರಿಸಿದ್ದೆ. ಬಂದವರೆಲ್ಲ ಬೆವರ್ತಾ ಕೂತಿದ್ರು. ಯಾಕೆ ಆರಿಸಿದ್ರಿ ಅಂತ ಅವಳ ತಂಗಿ ಕೇಳಿದ್ಲು. ಧೂಳು ಬೀಳುತ್ತೆ ಅಂದೆ.'

'ಈಗ ಯಾಕೆ ಬಂದ್ರಿ?'

'ಅವರಿಗೆ ಮೋಸ ಅಂತ ಗುರುತು ಬಿದ್ದು ನಾನು ಗೆದ್ರೆ, ಅದೂ ಒಂದು ಗೆಲುವಾ?'

'ಗೆಲ್ಲಬೇಕು ಅಂತ ಇನ್ನೂ ಇದೆಯಾ ನಿಮಗೆ?'

'ಇದೆ,' ಎಂದ ಅವನು, ನಾಚಿಕೆಯಿಲ್ಲದೆ.

ಅದೇ ದನಿ. ಆಸ್ಪತ್ರೆಯ ಮಂಚದ ಮೇಲೆ, ಕೊಳವೆಯ ಹಿಂದಿನಿಂದ ಬಂದ ದನಿ. ಇವರೆಲ್ಲ ಯಾವ ಜಾತಿಯ ಪ್ರಾಣಿಗಳೋ ಎಂದುಕೊಂಡು ಅವಳು ಕಿಟಕಿಯತ್ತ ಮುಖ ತಿರುಗಿಸಿದಳು. ಅಮ್ಮ ಇಬ್ಬರ ಮಾತನ್ನೂ ಕೇಳಿಸಿಕೊಂಡು, ಗಂಡನ ಅಂಗಿಯ ಬರಿ ಜೇಬನ್ನು ನೇವರಿಸುತ್ತ ಕೂತಿದ್ದಳು.

*

ಚಿತಾಗಾರದಲ್ಲಿ ಮೂರಕ್ಕೆ ಕೊಟ್ಟಿದ್ದ ಸಮಯ ಮೂರೂವರೆ ಆಯಿತು. ಹಿಂದಿನ ಹೆಣ ಇನ್ನೂ ಉರಿಯುತ್ತಿತ್ತು. ಸಿಮೆಂಟಿನ ಉದ್ದ ಹಜಾರ, ಗೋಡೆಗಂಟಿಸಿದ ಬೆಂಚು, ಫಿನಾಯಿಲಿನ ವಾಸನೆ, ಅದರಡಿಯಲ್ಲಿ ಫಿನಾಯಿಲಿಗೆ ಬಗ್ಗದ ಇನ್ನೊಂದು ವಾಸನೆ. ಚಿಕ್ಕಪ್ಪ ಕೌಂಟರಿನಲ್ಲಿ ಅರ್ಜಿ ತುಂಬುತ್ತ, ಉದ್ಯೋಗ ಎಂಬಲ್ಲಿ ಕೋಚ್ ಎಂದು ಬರೆದುಬಿಡಲಾ ಎಂದು ಕೂಗಿ ಕೇಳಿದ. ಲಿಫ್ಟ್ ಮೆಕ್ಯಾನಿಕ್ ಎಂದು ಬರಿ ಎಂದಳು ಅಮ್ಮ.

ಮೂರು ಮೂವತ್ತೆಂಟಕ್ಕೆ ಕರೆದರು. ಮುಖಕ್ಕೆ ಬಟ್ಟೆ ಕಟ್ಟಿಕೊಂಡಿದ್ದ ನೌಕರ ಹಳಿಯ ಮೇಲಿನ ಗಾಡಿಗೆ ಹೆಣವನ್ನು ವರ್ಗಾಯಿಸಿ, ನೋಡುವವರು ನೋಡಿಕೊಳ್ಳಿ, ಎರಡು ನಿಮಿಷ ಎಂದ. ಮಗಳು ಚೀಲದ ಬಾಯಿ ಹಿಡಿದು ನಿಂತೇ ಇದ್ದಳು. ಒಳಗಿನ ಲಕೋಟೆಗೆ ಕೈ ಹೋಗಲಿಲ್ಲ. ಹೋಗಬಾರದು. ಮೋಸ ಎಂದು ಗುರುತು ಬೀಳಲಿ, ಇನ್ನೊಬ್ಬರ ಹೆಂಡತಿಯ ಎದೆಯ ಮೇಲೆ ಚೀಟಿ ಇಡಿಸಿದವನಿಗೆ ಅದಕ್ಕಿಂತ ಸರಿಯಾದ ಹೆಸರು ಯಾವುದಿದೆ?

'ಇಡು,' ಎಂದಳು ಅಮ್ಮ.

'ಅಮ್ಮ, ನಿಂಗೊತ್ತಿಲ್ಲ ಇವರು ಏನು ಮಾಡಿದಾರೆ ಅಂತ.'

'ವ್ಯಾನಲ್ಲಿ ಕೇಳಿಸ್ಕೊಂಡೆ. ಕಿವುಡಿ ಅಲ್ಲ ನಾನು.' ಅಮ್ಮನ ಕಣ್ಣು ಒಣಗಿಯೇ ಇತ್ತು. 'ಎಂಟು ದಿನ ಆಸ್ಪತ್ರೇಲಿ ನನ್ನ ಹತ್ರ ಏನೂ ಕೇಳಲಿಲ್ಲ ಆ ಮನುಷ್ಯ. ನಿನ್ನ ಹತ್ರ ಒಂದು ಕೇಳಿದ್ರು. ನೀನು ಆಯ್ತು ಅಂದೆ. ಇಡು.'

ಮಗಳು ಚೀಟಿ ತೆಗೆದು ಅಪ್ಪನ ಎದೆಯ ಮೇಲಿಟ್ಟಳು. ಕುಲುಮೆಯ ಬಾಗಿಲ ಕಡೆಯಿಂದ ಗಾಳಿ ಎಳೆಯುತ್ತಿತ್ತು. ಹಾಳೆ ಎದ್ದು ಮಗುಚಿತು. ತಿರುಗಿಸಿ ಇಟ್ಟಳು, ಮತ್ತೆ ಎದ್ದಿತು. ಎಡಗೈಯ ಹೆಬ್ಬೆರಳಿನಿಂದ ಒತ್ತಿ ಹಿಡಿದು, ಬಲಗೈಯಿಂದ ಫೋನೆತ್ತಿ, ಪರದೆಯನ್ನು ಸರಿಯಾಗಿ ನೋಡದೆಯೇ ಒತ್ತಿದಳು. ಔಷಧಿ ಅಂಗಡಿಯವನು ಗೋಡೆಯತ್ತ ತಿರುಗಿ ನಿಂತಿದ್ದ. ಚಿಕ್ಕಪ್ಪ, ಏನಮ್ಮಾ ಇದು, ಏನು ಮಾಡ್ತಿದೀಯ ಎನ್ನುತ್ತಲೇ ಇದ್ದ, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವಳು ಫೋಟೋ ಕಳಿಸಿ, ಚೀಟಿ ತೆಗೆದು ಚೀಲಕ್ಕೆ ಹಾಕಿದಳು. ಒಮ್ಮೆ ಅಪ್ಪನ ಮುಖ ನೋಡಿದಳು. ಅಲ್ಲಿ ಏನೂ ಇರಲಿಲ್ಲ. ನೌಕರ ಗಾಡಿ ತಳ್ಳಿದ, ಬಾಗಿಲು ಮೇಲಿನಿಂದ ಕೆಳಗಿಳಿಯಿತು, ಥೇಟು ಲಿಫ್ಟಿನ ಬಾಗಿಲು ಮುಚ್ಚಿದ ಸದ್ದಿನೊಂದಿಗೆ.

ಹೊರಗೆ ಅಂಗಳದಲ್ಲಿ ಒಂದು ನಲ್ಲಿಯಿತ್ತು. ಅವಳು ಹೆಬ್ಬೆರಳನ್ನು ನಲ್ಲಿಯ ಕೆಳಗಿಟ್ಟು ತೊಳೆದಳು, ಕ್ಲಿನಿಕ್ಕಿನಲ್ಲಿ ತೊಳೆಯುವ ಹಾಗೆ, ಉಗುರಿನ ಸಂದು, ಬುಡ, ಮಣಿಕಟ್ಟು. ತೊಳೆಯುತ್ತಿರುವಾಗಲೇ ಚೀಲದೊಳಗೆ ಟಿಣ್ ಎಂದಿತು.

ಯಾರೋ ಬರೆದಿದ್ದರು: 'ಹೆಬ್ಬೆರಳು ತಾರೀಖಿನ ಮೇಲಿದೆ. ಇನ್ನೊಂದು ಹಾಕಿ.'

ಅದರ ಬೆನ್ನಿಗೇ ಮೇಲ್ವಿಚಾರಕ: 'ಹೌದು, ತಾರೀಖು ಕಾಣುತ್ತಿಲ್ಲ. ಇನ್ನು ಒಂಬತ್ತು ನಿಮಿಷ ಇದೆ.'

ಅವಳು ಬಗ್ಗಿ ನಲ್ಲಿಯ ಕಟ್ಟೆಗೆ ಕಾರಿದಳು. ಬೆಳಗಿನಿಂದ ಹೊಟ್ಟೆಗೆ ಏನೂ ಹಾಕಿರಲಿಲ್ಲ, ಬಂದದ್ದು ಬರೀ ಹಳದಿ ನೀರು. ಔಷಧಿ ಅಂಗಡಿಯವನು ಫೋನನ್ನು ಅವಳ ಕೈಯಿಂದ ತೆಗೆದುಕೊಂಡು ಓದಿದ. ಓದಿ, ತಲೆಯೆತ್ತಿ ಚಿತಾಗಾರದ ಚಿಮಣಿಯತ್ತ ನೋಡಿದ. ಇಟ್ಟಿಗೆಯ ಚಿಮಣಿಯ ತುದಿಯಿಂದ ಅಪ್ಪ ತೆಳ್ಳಗೆ, ಬೂದು ಬಣ್ಣದಲ್ಲಿ ಹೊರಗೆ ಬರುತ್ತಿದ್ದ.

ಅವಳು ಬಾಯಿ ಒರೆಸಿಕೊಂಡು, ಫೋನನ್ನು ಹಿಂದಕ್ಕೆ ಪಡೆದು, ಚೀಲದಿಂದ ಚೀಟಿ ತೆಗೆದು ಅವನ ಕೈಗೆ ಕೊಟ್ಟಳು.

'ಎತ್ತಿ ಹಿಡೀರಿ,' ಎಂದಳು. 'ಅಂಚು ಮಾತ್ರ. ಬೆರಳು ಎಲ್ಲೂ ತಾಗಬಾರದು.'

ಅವನಿಗೆ ತಕ್ಷಣ ಗೊತ್ತಾಯಿತು. ಎರಡು ಕೈಯ ಬೆರಳ ತುದಿಗಳಲ್ಲಿ ಹಾಳೆಯ ಎರಡು ಅಂಚು ಹಿಡಿದು ತಲೆಯ ಮೇಲಕ್ಕೆ ಎತ್ತಿದ. ಅವಳು ಹಿಂದೆ ಹಿಂದೆ ಹೋದಳು, ಚಿಮಣಿ ಪೂರ್ತಿ ಬರುವ ತನಕ. ಏಳನೇ ಮಹಡಿ ಎಂಬ ಅಕ್ಷರಗಳು, ಕೆಳಗೆ ಒಂದಂಕಿಯೂ ಮರೆಯಾಗದ ತಾರೀಖು, ಹಿಂದೆ ಚಿಮಣಿ, ಅದರ ಹೊಗೆ. ಕಳಿಸಿ, ಕೆಳಗೆ ಒಂದೇ ಮಾತು ಬರೆದಳು.

'ಸರಿಯಾ?'

ಒಂದು ನಿಮಿಷ ಹೋಯಿತು, ಎರಡು ಹೋಯಿತು. ಬೆಳಗಿನಿಂದ ಬಾಯಿ ಮುಚ್ಚದಿದ್ದ ಫೋನು ಟಿಣ್ ಎನ್ನಲಿಲ್ಲ. ಅವಳೇ ತೆರೆದು ನೋಡಿದಳು. ಅಪ್ಪನ ಹೆಸರಿನ ಮುಂದಿದ್ದ ಪರಿಶೀಲನೆಯ ಹಳದಿ ಗುರುತು ಹೋಗಿತ್ತು. ಅರವತ್ನಾಲ್ಕು ಮತ ಅರವತ್ನಾಲ್ಕಾಗಿಯೇ ಇತ್ತು. ಯಾರೂ ಏನೂ ಬರೆದಿರಲಿಲ್ಲ.

ಆಯಿತು ಎಂದು ಹೇಳಲು ಅವಳು ತಲೆಯೆತ್ತಿದಳು. ಔಷಧಿ ಅಂಗಡಿಯವನು ಕಣ್ಣಿಗೆ ಬಿಸಿಲು ಹೊಡೆಯುತ್ತಿದ್ದರೂ ಅಲ್ಲಾಡದೆ, ತೋಳು ನಡುಗುತ್ತಿದ್ದರೂ ಇಳಿಸದೆ, ಚೀಟಿಯನ್ನು ಹಾಗೇ ಎತ್ತಿ ಹಿಡಿದು ನಿಂತಿದ್ದ, ಇನ್ನೊಂದು ಕೇಳಿದರೆ ಇರಲೆಂದು.